ಸವೆದ ಕಾರ್ಡು

ಮಾರ್ಚ್ 12, ಬೆಳಿಗ್ಗೆ 8:20. ಸಿಂಚು ಊರಿನ ಠಾಣೆಗೆ ಬಂದ ಹೆಂಗಸೊಬ್ಬಳು ದೂರು ಬರೆಸಿದಳು. ಹಿಂದಿನ ಸಂಜೆ ಕಸದ ಲಾರಿಯ ಹಾಡು ಕೇಳಿ ಚೀಲ ಹಿಡಿದು ರಸ್ತೆಗಿಳಿದ ಅವಳ ತಾಯಿಗೆ ಬಿಳಿ ಕಾರೊಂದು ಗುದ್ದಿ ನಿಲ್ಲದೆ ಹೋಗಿತ್ತು. ತಾಯಿಗೆ ಎಚ್ಚರವಿಲ್ಲ.

"ಯಾರು ಅಂತ ಗೊತ್ತಾಗ್ಬೇಕು ಮೇಡಂ. ಎದ್ದ ತಕ್ಷಣ ಅಮ್ಮ ಅದನ್ನೇ ಕೇಳ್ತಾಳೆ."

ಇನ್‌ಸ್ಪೆಕ್ಟರ್ ತು ಮೇಜೆನ್ ತಮಗೆಂದು ತರಿಸಿದ್ದ ಬಿಸಿ ಸೋಯಾ ಹಾಲನ್ನು ಆಕೆಯ ಮುಂದೆ ಸರಿಸಿದರು.

ಕಾನ್‌ಸ್ಟೇಬಲ್ ಲಾಯ್ ಮೂರು ದಿನ ಗ್ಯಾರೇಜು ಸುತ್ತಿ, ಮುಂದಿನ ದೀಪ ಬದಲಾಯಿಸಿದ್ದ ಬಿಳಿ ಕಾರೊಂದನ್ನು ಹುಡುಕಿದ. ಮಾಲೀಕ ಕೋ ಬಾವ್‌ಶೆಂಗ್, ಮೆಮೊರಿ ಕಾರ್ಡ್ ಕಾರ್ಖಾನೆಯ ನಿವೃತ್ತ ಪರೀಕ್ಷಕ.

"ದೀಪ ಹೇಗೆ ಒಡೀತು?" ಎಂದು ಕೇಳಿದರು ತು.

"ಗೇಟಿಗೆ ತಾಗ್ತು."

"ಕಾರಿನ ಕ್ಯಾಮೆರಾ?"

"ಕೆಟ್ಟಿದೆ. ಕಾರ್ಡು ಬೇಕಾದ್ರೆ ತಗೊಂಡ್ಹೋಗಿ."

ಪಂಚನಾಮೆ ಬರೆದು ಕಾರ್ಡನ್ನು ಪ್ರಯೋಗಾಲಯಕ್ಕೆ ಕಳಿಸಿದರು. "ಮಿಠಾಯಿ ಕೊಟ್ಟ ಹಾಗೆ ಕೊಟ್ನಲ್ಲ ಮೇಡಂ, ಒಳಗೇನೂ ಇರಲ್ಲ," ಎಂದ ಲಾಯ್.

ಮಾರ್ಚ್ 19, ಮಧ್ಯಾಹ್ನ 2:15. ಪ್ರಯೋಗಾಲಯದ ಪೆಂಗ್ ಫೋನ್ ಮಾಡಿದಳು.

"ಬೇರೆಯವರು ಅಳಿಸಿದ್ರೆ ಫೈಲಿನ ಹೆಸರಷ್ಟೇ ಹೋಗತ್ತೆ ಅಕ್ಕ, ಚಿತ್ರ ಅಲ್ಲೇ ಇರತ್ತೆ. ಈ ಮಹಾರಾಯ ಕಾರ್ಡಿನ ತುಂಬ ಒಂದೇ ಅಂಕಿ ಬರೆದಿದಾನೆ. ಕಾರ್ಖಾನೇಲಿ ಹೊಸ ಕಾರ್ಡು ಪರೀಕ್ಷೆ ಮಾಡೋ ರೀತಿ."

"ಎಲ್ಲಾ ಹೋಯ್ತಾ?"

"ಒಂದು ಗೂಡು, ಅಂದ್ರೆ ಕಾರ್ಡೊಳಗಿನ ಒಂದು ಚಿಕ್ಕ ಭಾಗ, ಉಳಿದಿದೆ. ವರ್ಷಗಟ್ಟಲೆ ಬರೆದೂ ಅಳಿಸಿಯೂ ಸವೆದಿದ್ದು. ಇವನು ಅಳಿಸೋಕೆ ಹೋದಾಗ ಅದು ಅಳಿಯಲಿಲ್ಲ. ಅಂಥದನ್ನ ಕಾರ್ಡೇ ಬದಿಗಿಡತ್ತೆ, ಆಮೇಲೆ ಹೊರಗಿಂದ ಏನು ಬರೆದ್ರೂ ತಾಗಲ್ಲ. ಒಳಗಿನ ಚಿಪ್ ಬಿಚ್ಚಿ ನೇರವಾಗಿ ಓದಿದ್ವಿ."

ಸಿಕ್ಕಿದ್ದು ಅರ್ಧ ಚಿತ್ರ. ಮಾರ್ಚ್ 11, ಸಂಜೆ 6:42ರ ಗುರುತು, ನೀಲಿ ಕಸದ ಚೀಲ, ಅದನ್ನು ಹಿಡಿದ ಮುದಿ ಕೈ.

4:10ಕ್ಕೆ ತು ಮತ್ತು ಲಾಯ್ ಮನೆಗೆ ಹೋದಾಗ ಕೋ, ಪಾರ್ಶ್ವವಾಯು ಬಡಿದ ಹೆಂಡತಿಗೆ ಗಂಜಿ ತಿನ್ನಿಸುತ್ತಿದ್ದ.

"ಮುಗೀಲಿ," ಎಂದು ತು ಕುರ್ಚಿ ಎಳೆದುಕೊಂಡರು. ಲಾಯ್ ಬಾಗಿಲ ಹೊರಗೆ ನಿಂತ. ಬಟ್ಟಲು ಬರಿದಾದ ಮೇಲೆ ಚಿತ್ರ ತೋರಿಸಿದರು.

ಕೋ ಅದನ್ನು ಕಣ್ಣ ಹತ್ತಿರ ಹಿಡಿದು ನೋಡಿದ. "ಇಪ್ಪತ್ತು ವರ್ಷ ಹೊಸ ಕಾರ್ಡೇ ನೋಡಿದೋನು ನಾನು. ಸವೆದಿದ್ದು ಒಂದೂ ನನ್ನ ಮೇಜಿಗೆ ಬರ್ಲಿಲ್ಲ."

"ಯಾಕೆ ನಿಲ್ಲಿಸ್ಲಿಲ್ಲ?"

"ಕಣ್ಣಿಗೆ ಪೊರೆ ಬಂದಿದೆ. ಲೈಸೆನ್ಸ್ ಇಲ್ಲ. ನಿಲ್ಲಿಸಿದ್ರೆ ಹಿಡ್ಕೊಂಡು ಹೋಗ್ತಿದ್ರು, ಇವಳಿಗೆ ತುತ್ತು ಕೊಡೋರು ಯಾರು?"

5:05ಕ್ಕೆ, ತು ಕರೆಸಿದ್ದ ದಾದಿ ಬಂದು ಕೂತ ಮೇಲೆ, ಬಂಧನ ದಾಖಲಾಯಿತು.

ಠಾಣೆಯಿಂದ ತು, ದೂರು ಕೊಟ್ಟಿದ್ದ ಮಗಳಿಗೆ ಫೋನ್ ಮಾಡಿ ಹೆಸರು ಹೇಳಿದರು, ಕಾರಣವನ್ನೂ ಹೇಳಿದರು. ಅವಳು ಆಸ್ಪತ್ರೆಯಲ್ಲೇ ಇದ್ದಳು. ಅಮ್ಮ ಇನ್ನೂ ಎದ್ದಿರಲಿಲ್ಲ.

"ಅವನ ಹೆಂಡತಿ ಹತ್ರ ಈಗ ಯಾರಿದಾರೆ?" ಎಂದು ಕೇಳಿದಳು ಮಗಳು.

"ದಾದಿ ಇದಾಳೆ. ನಾಳೆಯಿಂದ ಯಾರು ಅಂತ ಇನ್ನೂ ಗೊತ್ತಾಗಿಲ್ಲಮ್ಮ."