ಬೆರಳಿಗಂಟಿದ ಅಕ್ಕಿಕಾಳು

ಮೊಣಕೈವರೆಗೂ ಅಕ್ಕಿಯೊಳಗಿಳಿದ ಪ್ರತಿಭಾಳ ಕೈಗೆ ಏನೂ ಸಿಗಲಿಲ್ಲ.

ಪಕ್ಕದ ಮೂಟೆಯ ಹುರಿ ಬಿಚ್ಚಿದಳು. ಮತ್ತೆ ಕೈ ಹಾಕಿದಳು. ತಳದವರೆಗೂ ತಡಕಿದಳು. ಅಕ್ಕಿ, ಅಕ್ಕಿ, ಬರೀ ಅಕ್ಕಿ!

'ಎಲ್ಲಿದೀಯಾ... ಸಿಕ್ಬಿಡು, ದಯವಿಟ್ಟು ಸಿಕ್ಬಿಡು...'

ಹಿಂದೆ ಚರ್ಚಿನ ಉಗ್ರಾಣದ ಬಾಗಿಲು ಕಿರ್ರೆಂದಿತು.

"ಏನವ್ವಾ, ಹಬ್ಬಕ್ಕೆ ಮುಂಚೇನೇ ಅಕ್ಕಿ ಕದೀತಿದೀಯಾ?"

ನಾಳಿನ ಕ್ರಿಸ್‌ಮಸ್ ಊಟಕ್ಕೆಂದು ಬಂದಿದ್ದ ಅಡುಗೆಯ ಆಂಜಿನಯ್ಯ. ಹೆಗಲ ಮೇಲೆ ಟವೆಲ್, ಕೈಯಲ್ಲಿ ಖಾಲಿ ಫ್ಲಾಸ್ಕು.

"ಹುಳ ಇದೆಯಾ ಅಂತ... ನೋಡ್ತಿದ್ದೆ."

"ಹುಳ ನೋಡಕ್ಕೆ ನಾನಿದೀನಲ್ಲ. ಟೀ ತುಂಬಿಸ್ಕೊಂಡು ಬಂದೆ ಅಂದ್ರೆ ಎಲ್ಲಾನೂ ಜರಡಿ ಹಿಡಿಯೋದೇ. ನೀನು ಹೋಗಿ ಹಾಡೋರ ಜೊತೆ ಹಾಡು. ನೀನಿಲ್ದೆ ಅಲ್ಲಿ ಬರೀ ಕಿರುಚಾಟ ಆಗಿದೆ!"

ನಗುತ್ತಾ ಹೊರಟುಹೋದ. ಪ್ರತಿಭಾ ಮೂಟೆಯ ಬಾಯನ್ನು ಇನ್ನಷ್ಟು ಅಗಲಿಸಿದಳು.

ಜರಡಿ! ಅವನ ಜರಡಿಗೆ ಸಿಕ್ಕಿಬಿಟ್ಟರೆ? ಇಡೀ ಚಾಮರಾಜಪೇಟೆಗೆ ಕೇಳುವ ಹಾಗೆ ಕೂಗುತ್ತಾನೆ... ಅಕ್ಕಿಯೊಳಗೆ ಬಾಲಯೇಸು ಸಿಕ್ಕಿತು ಎಂದು!

ಬೆಳಿಗ್ಗೆಯಿಂದ ಎಲ್ಲರೂ ಹುಡುಕುತ್ತಿರುವ ಬಾಲಯೇಸು. ಹೂವಿನಂಗಡಿಯ ವಸಂತನೇ ಎಲ್ಲೋ ಬೀಳಿಸಿಬಿಟ್ಟ, ಅಥವಾ ಇನ್ನೇನೋ ಮಾಡಿದ ಎಂದು ಎಲ್ಲರೂ ಪಿಸುಗುಡುತ್ತಿರುವ ಬಾಲಯೇಸು.

ಹಾಗೆಂದು ಅವರಿಗೆ ಹೇಳಿದ್ದು ಯಾರು?

ಪ್ರತಿಭಾ ಕಣ್ಣು ಮುಚ್ಚಿಕೊಂಡಳು.

ಎಲ್ಲ ಶುರುವಾದದ್ದು ಒಂದು ಕಿರುಬೆರಳಿನಿಂದ. ಚರ್ಚಿನ ಆ ಅಂಗೈಯಗಲದ ಹಳೆಯ ಮೂರ್ತಿಗೆ ಹಬ್ಬದ ಮುಂಚೆ ನೀರು ಮುಟ್ಟಿಸಿ ಹೊಸ ಬಟ್ಟೆ ತೊಡಿಸುವುದು ಅವರ ಮನೆಯ ಹೆಂಗಸರ ಕೆಲಸ. ಅಜ್ಜಿಯ ಅತ್ತೆ ಮಾಡುತ್ತಿದ್ದರು, ಆಮೇಲೆ ಅಜ್ಜಿ. ಕಣ್ಣು ಮಂಜಾದ ಮೇಲೆ ಅಜ್ಜಿ ಅದನ್ನು ಪ್ರತಿಭಾಳ ಕೈಗೆ ಕೊಟ್ಟು, "ಕೂಸಿನ ನೆತ್ತಿ ಜೋಪಾನ ಕಣವ್ವ" ಎಂದಿದ್ದಳು, ನಿಜವಾದ ಮಗುವಿಗೆ ಹೇಳುವ ಹಾಗೆ.

ನೆತ್ತಿಗೇನೂ ಆಗಲಿಲ್ಲ. ನಿನ್ನೆ ಸಂಜೆ ನಲ್ಲಿಗೆ ತಾಗಿ ಬಲಗೈಯ ಕಿರುಬೆರಳು ಟಕ್ಕನೆ ಮುರಿಯಿತು.

ಯಾರಿಗೂ ಹೇಳಲಿಲ್ಲ. ಗಮ್ ಹಚ್ಚಿ ಕೂಡಿಸಿದಳು. ಒಣಗುವ ತನಕ ಅಲುಗಬಾರದಲ್ಲ... ಅಡುಗೆಮನೆಯ ಹಿಡಿಯಕ್ಕಿ ಡಬ್ಬಿಯಲ್ಲಿ ಹೂತಿಟ್ಟಳು. ಆ ಪುಟ್ಟ ಚರ್ಚಿಗೆ ಸೇರಿದ ಮನೆಗಳಲ್ಲಿ ಡಿಸೆಂಬರ್ ಬಂತೆಂದರೆ ದಿನವೂ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತಾರೆ. ಅಜ್ಜಿಯಂದಿರು ತಮ್ಮ ಹಳ್ಳಿಯ ಚರ್ಚಿನಿಂದ ಜೊತೆಗೇ ಹೊತ್ತು ತಂದ ಪದ್ಧತಿ. ಮುನ್ನಾದಿನ ಎಲ್ಲ ಮನೆಯ ಅಕ್ಕಿಯೂ ಈ ಉಗ್ರಾಣಕ್ಕೆ ಬರುತ್ತದೆ, ಮರುದಿನ ಎಲ್ಲರಿಗೂ ಅದೇ ಅನ್ನ.

ಇವತ್ತು ಬೆಳಿಗ್ಗೆ ಅಪ್ಪ ಜೋಜಪ್ಪ ಕೂಸಿನ ಪೆಟ್ಟಿಗೆಗೆ ದಾರ ಕಟ್ಟುತ್ತಾ ಕೇಳಿದ್ದರು.

"ಕೂಸು ಮಲಗಿಸಿದ್ಯಾ?"

"ಹೂಂ ಅಪ್ಪ."

ಒಳಗೆ ಇದ್ದದ್ದು ಬರೀ ಬಟ್ಟೆ. ಮಧ್ಯಾಹ್ನ ಮೆಲ್ಲಗೆ ತಂದು ಇಟ್ಟುಬಿಟ್ಟರಾಯಿತು ಎಂದುಕೊಂಡಿದ್ದಳು. ಆದರೆ ಪೆಟ್ಟಿಗೆಯನ್ನು ವಸಂತ್ ಮನೆಮನೆಯ ಅಕ್ಕಿಯ ಜೊತೆಗೇ ತನ್ನ ಗೂಡ್ಸ್ ಆಟೋದಲ್ಲಿ ಚರ್ಚಿಗೆ ತಂದ ಕೂಡಲೇ ಫಾದರ್ ತೆರೆದುಬಿಟ್ಟರು! ಎಲ್ಲರೂ ಅವಳನ್ನೇ ನೋಡಿದರು. ಅಪ್ಪ ಕೂಡ.

ಆಗ ಅವಳ ಬಾಯಿಂದ ಬಂದ ಮಾತು ಇನ್ನೂ ಅವಳ ಕಿವಿಯಲ್ಲೇ ಇದೆ.

'ನಾನು ಇಟ್ಟಿದ್ದೆ. ಆಮೇಲೆ ಪೆಟ್ಟಿಗೆ ಇದ್ದಿದ್ದು ವಸಂತ್ ಹತ್ರ.'

ಮನೆಗೆ ಓಡಿದಾಗ ಡಬ್ಬಿ ತೊಳೆದು ಬೋರಲು ಹಾಕಿತ್ತು. "ಅಕ್ಕಿ ಎತ್ತೋರು ಬಂದಿದ್ರು, ಸುರಿದ್ಬಿಟ್ಟೆ" ಎಂದಳು ಅಜ್ಜಿ, ಬೊಚ್ಚುಬಾಯಲ್ಲಿ ನಗುತ್ತಾ.

"ಆ ಮೂಟೇಲಿ ಇರಲ್ಲ."

ಪ್ರತಿಭಾ ಬೆಚ್ಚಿ ತಿರುಗಿದಳು.

ಬಾಗಿಲಲ್ಲಿ ವಸಂತ್! ಎರಡೂ ಕೈಯಲ್ಲಿ ಅಗಲವಾದ ತಟ್ಟೆ, ತಟ್ಟೆಯ ತುಂಬ ಎಳೆಹಸಿರು ರಾಗಿ ಪೈರು. ಪ್ರತಿ ವರ್ಷ ಬಾಲಯೇಸುವನ್ನು ಮಲಗಿಸುವ ಗೋದಲಿಯ ಸುತ್ತ ಹೊಲದಂತೆ ಇಡಲು ಗವಿಪುರದ ಅವನ ಮನೆಯ ತಾರಸಿಯಲ್ಲಿ ಬೆಳೆಸಿ ತರುತ್ತಿದ್ದ ಪೈರು. ಗಾಂಧಿ ಬಜಾರಿನಲ್ಲಿ ಹೂವಿನಂಗಡಿ ಇಟ್ಟ ಹುಡುಗ ಮೊದಲ ಸಲ ಈ ಚರ್ಚಿಗೆ ಬಂದದ್ದು ಹೂವು ಕೊಡಲು. ಆಮೇಲೆ ಬಂದದ್ದು ಯಾಕೆ ಎಂದು ಅವನೂ ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ. ಇಬ್ಬರಿಗೂ ಗೊತ್ತಿತ್ತು.

"ಗೋಡೆ ಪಕ್ಕದ್ದು ನೋಡು" ಎಂದ. "ನಿಮ್ಮಜ್ಜಿ ಡಬ್ಬಿ ಸುರಿದಿದ್ದು ಅದಕ್ಕೆ. ಮೂಟೆ ಬಾಯಿ ಹಿಡ್ಕೊಂಡಿದ್ದೋನು ನಾನೇ."

"ನಾನು... ಏನು ಹುಡುಕ್ತಿದೀನಿ ಅಂತ..."

"ಪ್ರತಿಭಾ ಅಕ್ಕಿಲಿ ಹುಳ ಹುಡುಕ್ತಿದಾಳೆ ಅಂತ ಆಂಜಿನಯ್ಯ ಟೀ ಅಂಗಡಿ ಹತ್ರ ನಗ್ತಿದ್ದ. ಮನೇಲಿ ಒಂದು ಲೋಟ ಅಕ್ಕಿ ತೊಳೆಯೋಳಲ್ಲ ನೀನು. ಹುಳ ಹುಡುಕ್ತೀಯಾ?"

ಬೇರೆ ದಿನವಾಗಿದ್ದರೆ ಜಗಳಕ್ಕೆ ಬೀಳುತ್ತಿದ್ದಳು. ಇವತ್ತು ಕೈಗಂಟಿದ ಅಕ್ಕಿ ಕೊಡವಿಕೊಂಡಳು, ಅಷ್ಟೆ.

ವಸಂತ್ ತಟ್ಟೆಯನ್ನು ಕೆಳಗಿಟ್ಟ. ಅವನ ಮುಖದಲ್ಲಿ ಸಿಟ್ಟಿತ್ತೇ? ಹುಡುಕಿದಳು. ಇತ್ತು. ಇರದಿದ್ದರೆ ಇನ್ನೂ ಹೆದರುತ್ತಿದ್ದಳು.

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಪೆಟ್ಟಿಗೆ ಎತ್ತಿದಾಗ್ಲೇ. ಕೂಸಿದ್ರೆ ಒಂದು ಕಡೆಗೆ ವಾಲುತ್ತೆ. ಇವತ್ತು ವಾಲಲಿಲ್ಲ."

"ಮತ್ತೆ ಎಲ್ಲರ ಮುಂದೆ ಯಾಕೋ ಸುಮ್ನಿದ್ದೆ!"

"ಏನಂತ ಹೇಳ್ಬೇಕಿತ್ತು? 'ಜೋಜಪ್ಪನವ್ರೇ, ನಿಮ್ಮ ಮಗಳು ಸುಳ್ಳು ಹೇಳ್ತಿದಾಳೆ' ಅಂತಾನಾ?"

ಹೊರಗೆ ಹಾಡಿನ ಅಭ್ಯಾಸ ಒಮ್ಮೆಲೇ ನಿಂತು ಮತ್ತೆ ಶುರುವಾಯಿತು. ಯಾರೋ ನಕ್ಷತ್ರದ ಬಲ್ಬು ಹಾಕಿ ಆರಿಸಿ ನೋಡುತ್ತಿದ್ದರು, ಕಿಟಕಿಯ ಗಾಜು ಕೆಂಪಾಗಿ ಕಪ್ಪಾಗುತ್ತಿತ್ತು.

"ನಂಗೆ ಬೇಜಾರಾಗಿಲ್ಲ ಅಂತ ಅನ್ಕೋಬೇಡ" ಎಂದ ವಸಂತ್, ಅವಳನ್ನು ನೋಡದೆ. "ಪೈರು ಇಡೋಕೆ ಗೋದಲಿ ಹತ್ರ ಹೋದೆ. ಎಲ್ಲರೂ ನನ್ನ ಕೈ ನೋಡ್ತಾರೆ ಕಣೇ! 'ಅಲ್ಲೇ ಬಾಗಿಲ ಹತ್ರ ಇಟ್ಟು ಹೋಗಪ್ಪ, ನಾವ್ ನೋಡ್ಕೋತೀವಿ' ಅಂದ್ರು. 'ಹೊರಗಿನೋರ ಕೈಗೆ ಕೊಡಬಾರದಿತ್ತು' ಅಂತ ಇನ್ಯಾರೋ ಅಂದ್ರು."

"ಯಾರು ಅಂದಿದ್ದು?"

ಅವನು ಬಗ್ಗಿ ಪೈರಿನ ತಟ್ಟೆಯನ್ನು ಗೋಡೆಯ ಕಡೆಗೆ ಸರಿಸಿದ.

ಅವಳಿಗೆ ಉತ್ತರ ಸಿಕ್ಕಿತು. ಅಪ್ಪ.

"ನಮ್ಮಜ್ಜಿ ಮುನಿಯಕ್ಕ ರಾತ್ರಿ ಕೇಳೇ ಕೇಳ್ತಾಳೆ. ಪೈರು ಕೂಸಿನ ಪಕ್ಕಾನೇ ಇಟ್ರಾ ಮಗಾ, ಅಂತ. ಪ್ರತಿ ವರ್ಷ ಕೇಳ್ತಾಳೆ. ಬೆಳಿಗ್ಗೆ ಎದ್ದು ಮೊದ್ಲು ಅದಕ್ಕೆ ನೀರು ಚಿಮುಕಿಸೋಳು ಅವಳು. ಏನ್ ಹೇಳ್ಲಿ ಅವಳಿಗೆ?"

ಪ್ರತಿಭಾಳಿಗೆ ಆ ಪೈರನ್ನು ನೋಡಲಾಗಲಿಲ್ಲ. ಬೆಳಿಗ್ಗೆಯಿಂದ ಪಾಪನಿವೇದನೆಗೆ ಜನ ಸಾಲು ನಿಂತಿದ್ದರು. ಅವಳು ಎರಡು ಸಲ ಸಾಲಿಗೆ ಸೇರಿ, ಎರಡು ಸಲವೂ ಹೊರಗೆ ಬಂದಿದ್ದಳು. ಪರದೆಯ ಆಚೆಗಿನ ಫಾದರ್ ಕಿವಿಗೆ ಹೇಳುವುದು ಸುಲಭವಿತ್ತು. ಆದರೆ ಅವಳು ಆ ಮಾತನ್ನು ಆಡಿದ್ದು ಪರದೆಯ ಹಿಂದೆ ಅಲ್ಲವಲ್ಲ!

ಗೋಡೆ ಪಕ್ಕದ ಮೂಟೆಗೆ ಕೈ ಹಾಕಿದಳು.

ತಣ್ಣಗೆ, ನುಣ್ಣಗೆ ಏನೋ ತಗುಲಿತು. ಪುಟ್ಟ ಪಾದ!

"ಸಿಕ್ತು..."

ಎರಡೂ ಕೈಯಲ್ಲಿ ಮೇಲೆತ್ತಿದಳು. ಮೈಯಿಂದ ಅಕ್ಕಿ ಸುರಿಯಿತು. ನೆತ್ತಿ ಜೋಪಾನವಾಗಿತ್ತು. ಮುಖದಲ್ಲಿ ಅದೇ ಹಳೆಯ ನಗು. ಬಲಗೈಯ ಕಿರುಬೆರಳು ನೆಟ್ಟಗೆ ನಿಂತಿತ್ತು, ಮುರಿದ ಗುರುತೇ ಇಲ್ಲದ ಹಾಗೆ.

ಗುರುತು ಒಂದೇ. ಬೆರಳ ಬುಡದಲ್ಲಿ, ಗಮ್ ಒಣಗಿದ ಜಾಗದಲ್ಲಿ, ಒಂದು ಅಕ್ಕಿಕಾಳು ಅಂಟಿಕೊಂಡಿತ್ತು.

ವಸಂತ್ ಹತ್ತಿರ ಬಂದು ಉಗುರಿನಿಂದ ಕೆರೆದ. ಬರಲಿಲ್ಲ.

"ಗಟ್ಟಿಯಾಗಿ ಹಿಡ್ಕೊಂಡಿದೆ" ಎಂದ. "ಜೋರಾಗಿ ಎಳೆದ್ರೆ ಬೆರಳೂ ಬರುತ್ತೆ."

"ಬೆರಳು ಮುರಿದಿದ್ದು ನಾನೇ. ಹೆದರಿಬಿಟ್ಟೆ ಕಣೋ. ಅಜ್ಜಿಗೆ ಉಳಿದಿರೋದು ಇದೊಂದೇ ಹೆಮ್ಮೆ... ನನ್ನ ಕೈಯಲ್ಲಿ ಮುರೀತು ಅಂದ್ರೆ ಕೂಸನ್ನ ಬೇರೆ ಮನೆಗೆ ಕೊಟ್ಬಿಡ್ತಾರೆ ಅಂತ..." ಬಿಕ್ಕಿದಳು. "ಅಷ್ಟಕ್ಕೆ ನಿನ್ನ ಹೆಸರು ಹೇಳ್ಬಿಟ್ಟೆ. ಬೇರೆ ಯಾರ ಹೆಸರೂ ಬರ್ಲಿಲ್ಲ ಬಾಯಿಗೆ. ನಿನ್ನದೇ ಬಂತು! ಯಾಕೆ ಗೊತ್ತಾ? ನೀನು ನನ್ನ ಬಿಟ್ಟುಕೊಡಲ್ಲ ಅಂತ ಗೊತ್ತಿತ್ತು. ಗೊತ್ತಿದ್ದೇ ಮಾಡ್ದೆ. ಅದೇ ನನ್ನ ಸುಡ್ತಿರೋದು, ವಸಂತ್..."

ವಸಂತ್ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಬಾಚಿ ಮೂಟೆಗೆ ಹಾಕಿದ. ಅವನ ಸಿಟ್ಟು ಎಲ್ಲಿಗೆ ಹೋಯಿತೆಂದು ಅವನಿಗೇ ತಿಳಿಯಲಿಲ್ಲ. ಹೋಗಿರಲಿಲ್ಲ ಬಹುಶಃ, ಅದರ ಪಕ್ಕದಲ್ಲೇ ಇನ್ನೇನೋ ಬಂದು ಕೂತಿತ್ತು.

"ಹಬ್ಬ ಮುಗಿದ್ಮೇಲೆ ನಿಮ್ಮಪ್ಪನ ಹತ್ರ ಮಾತಾಡೋಣ ಅಂತಿದ್ದೆ" ಎಂದ ಕೊನೆಗೆ.

"ಏನಂತ?"

"ಸೇವಂತಿಗೆ ರೇಟು ಜಾಸ್ತಿಯಾಗಿದೆ ಅಂತ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ನಕ್ಕದ್ದಕ್ಕೆ ಇನ್ನಷ್ಟು ಅಳು ಬಂತು.

"ನಿಜ ಹೇಳು."

"ನಿಂಗೊತ್ತು."

"ನಿನ್ನ ಬಾಯಲ್ಲಿ ಕೇಳ್ಬೇಕು. ಇವತ್ತು ಹಾಗೆ ಕೇಳೋಕೆ ನಂಗೆ ಯೋಗ್ಯತೆ ಇಲ್ಲ. ಆದ್ರೂ ಕೇಳ್ಬೇಕು."

"ನೀನಂದ್ರೆ ಇಷ್ಟ ಕಣೇ. ಸುಳ್ಳು ಹೇಳ್ದಾಗ್ಲೂ ಇಷ್ಟ ಹೋಗ್ಲಿಲ್ಲ. ಅದಕ್ಕೇ ಬೆಳಿಗ್ಗೆಯಿಂದ ನಂಗೆ ನನ್ನ ಮೇಲೇ ಕೋಪ!"

ಅಂಗಳದ ಕಡೆಯಿಂದ ಆಂಜಿನಯ್ಯನ ಗಂಟಲು ಕೇಳಿಸಿತು. "ಜರಡಿ ಎಲ್ಲಿಟ್ರಪ್ಪಾ? ನಾನ್ ಬರೋದ್ರಲ್ಲಿ ಎಲ್ಲಾ ಮಾಯ ಮಾಡ್ತೀರಲ್ಲ!" ಅದರ ಹಿಂದೆಯೇ ಜೋಜಪ್ಪನವರ ದನಿ. "ಇರಪ್ಪ, ಮೂಟೆ ಬಿಚ್ಚೋಕೆ ನಾನೂ ಬರ್ತೀನಿ."

ವಸಂತ್ ಚುರುಕಾದ.

"ಕೇಳು. ದಾರೀಲಿ ಪೆಟ್ಟಿಗೆ ಮಗುಚ್ತು, ಕೂಸು ತೆರೆದ ಮೂಟೆಗೆ ಬಿದ್ದಿದೆ, ನಾನು ನೋಡ್ಕೊಂಡಿಲ್ಲ. ಅಷ್ಟೇ. ಅಕ್ಕಿಕಾಳಿಗೂ ಲೆಕ್ಕ ಸಿಗುತ್ತೆ, ಬೆರಳಿಗೂ ಸಿಗುತ್ತೆ. ಹೇಗೂ ನನ್ನ ಮೇಲೇ ಇದೆ."

"ಆಮೇಲೆ?"

"ಆಮೇಲೇನು? ಎರಡು ಮಾತು ಬೈತಾರೆ. ನಾನು ನಾಳೆ ಅಂಗಡಿಗೆ ಹೋಗೋನು. ನೀನು ಇದೇ ಜನದ ಮಧ್ಯೆ ಬದುಕ್ಬೇಕು. ನಿಮ್ಮಜ್ಜಿ ಬದುಕ್ಬೇಕು."

"ನಮ್ಮಪ್ಪನ ಹತ್ರ ಮಾತಾಡೋದು?"

ಅವನು ಬಿಚ್ಚಿದ ಮೂಟೆಯ ಹುರಿ ಎತ್ತಿಕೊಂಡ.

"ತಪ್ಪು ನಿಂದು ಅಂತ ಆದ್ರೆ ಅಪ್ಪ ನಿನ್ನ ಹೊಸ್ತಿಲು ದಾಟಿಸ್ತಾರಾ, ವಸಂತ್?"

"ಇಲ್ಲ."

"ಗೊತ್ತಿದ್ದೂ ಹೇಳ್ತಿದೀಯಾ?"

"ಗೊತ್ತಿದ್ದೂ ಹೇಳ್ತಿದೀನಿ. ನೀನೂ ಬೆಳಿಗ್ಗೆ ಗೊತ್ತಿದ್ದೇ ಹೇಳಿದ್ದಲ್ವಾ?"

ಆ ಮಾತು ಚುಚ್ಚಿತು. ಚುಚ್ಚಲೆಂದೇ ಆಡಿದ್ದೋ, ಅಲ್ಲವೋ... ಅವನ ಕಣ್ಣು ಮಾತ್ರ ತುಂಬಿತ್ತು.

ಹೆಜ್ಜೆಗಳು ಹತ್ತಿರವಾದವು. ಅಜ್ಜಿಯ ಬೊಚ್ಚುಬಾಯಿ ಪ್ರತಿಭಾಳ ಕಣ್ಣೆದುರು ಬಂತು. ನಿಜ ಹೇಳಿದರೆ ಮುಂದಿನ ವರ್ಷ ತಮ್ಮ ಮನೆಗೆ ಕೂಸು ಬರುವುದಿಲ್ಲ. ಅಜ್ಜಿ ಹೊಸ ಬಟ್ಟೆಗೆಂದು ಎತ್ತಿಟ್ಟ ಸ್ಯಾಟಿನ್ ತುಂಡು ಟ್ರಂಕಿನಲ್ಲೇ ಉಳಿಯುತ್ತದೆ. ಅಪ್ಪ ಎಷ್ಟೋ ದಿನ ಮಾತಾಡುವುದಿಲ್ಲ. ಇಷ್ಟೆಲ್ಲವನ್ನೂ ಉಳಿಸಿಕೊಳ್ಳಬಹುದು... ಕೈಯಲ್ಲಿರುವುದನ್ನು ಅವನ ಕೈಗೆ ಇಟ್ಟರೆ ಸಾಕು.

ರಾಗಿ ಪೈರಿನ ತಟ್ಟೆ ನೆಲದ ಮೇಲಿತ್ತು. ಯಾರದೋ ಅಜ್ಜಿ ಬೆಳಿಗ್ಗೆ ಬೆಳಿಗ್ಗೆ ನೀರು ಚಿಮುಕಿಸಿದ ಪೈರು.

"ತಟ್ಟೆ ಎತ್ಕೋ" ಎಂದಳು.

"ಏನು?"

"ಪೈರಿನ ತಟ್ಟೆ ಎತ್ಕೊಂಡು ನನ್ನ ಜೊತೆ ಬಾ. ಗೋದಲಿ ಹತ್ರ. ಎಲ್ಲರೂ ಅಲ್ಲೇ ಇದಾರೆ."

"ಹುಚ್ಚು ಹುಡುಗಿ! ನಿಮ್ಮಪ್ಪ ಬಾಗಿಲಿಗೇ ಬಂದ್ರು." ವಸಂತ್ ಎರಡೂ ಅಂಗೈ ಚಾಚಿದ. "ಪ್ರತಿಭಾ, ನನ್ನಾಣೆ. ಬೇಗ ಕೊಡು ಇಲ್ಲಿ."

ಬಾಗಿಲು ಕಿರ್ರೆಂದಿತು. ಅಪ್ಪನ ನೆರಳು ಅಕ್ಕಿಯ ಮೇಲೆ ಬಿತ್ತು.

ಅವಳು ಕೂಸನ್ನು ಎದೆಗೆ ಒತ್ತಿಕೊಂಡಳು.

"ಕೊಡಲ್ಲ."