ಬಂಡೆಯ ಹಿಂದಿನ ಮರಿ

"ಮುಟ್ಟಬೇಡಿ! ದೂರ ಸರೀರಿ!"

ದಡಕ್ಕೆ ಬಿದ್ದಿದ್ದ ಡಾಲ್ಫಿನ್ ಪಕ್ಕ ಮಂಡಿಯೂರಿದ್ದ ಮೀನುಗಾರನ ಕೈಯಲ್ಲಿ ಚಾಕು. ಅದರ ಬಾಲಕ್ಕೆ ಸುತ್ತಿಕೊಂಡಿದ್ದದ್ದು ಅವನದೇ ಬಲೆ.

"ಸತ್ತಿದೆ ಮೇಡಂ. ಇನ್ನು ಯಾರು ಮುಟ್ಟಿದ್ರೂ ಒಂದೇ."

ಅವನ ಕಣ್ಣು ಕೆಂಪಗಿತ್ತು. 'ಕುಡಿದಿದ್ದಾನೆ, ಸಾಕ್ಷಿ ಬೇರೆ ಕತ್ತರಿಸುತ್ತಿದ್ದಾನೆ!' ಎಂದುಕೊಂಡಳು ಕೂಗುತ್ತ ಓಡಿಬಂದ ಡಾಲ್ಫಿನ್ ಡಾಕ್ಟರಮ್ಮ. ಇಲಾಖೆಗೆ ಅವಳು ಹೇಳಿದ ಒಂದು ಮಾತಿಗೆ ಅವನ ಮೀನುಗಾರಿಕೆ ನಿಂತಿತು.

ಆಮೇಲೆ ಕೊಲ್ಲಿಯಲ್ಲಿ ಡಾಲ್ಫಿನ್ ಮರಿಗಳನ್ನು ಹುಡುಕಲು ಹೊರಟವಳನ್ನು ಯಾರೂ ದೋಣಿ ಹತ್ತಿಸಲಿಲ್ಲ. ಒಂದು ಮರಿ ಕಂಡರೂ ಇಲಾಖೆಯ ನಿಯಮದಂತೆ ಕೊಲ್ಲಿಯಲ್ಲಿ ಬಲೆ ಹಾಕುವಂತಿಲ್ಲ; ಊರಿನ ಒಲೆಗಳೆಲ್ಲ ತಣ್ಣಗೆ! ಹತ್ತಿಸಿಕೊಂಡವನು ಅವನೊಬ್ಬನೇ.

ಅವಳು ಚಳಿಗೆ ನಡುಗಿದರೆ ತನ್ನ ಕೋಟು ಕಳಚಿ ಕೊಡುತ್ತಿದ್ದ. ಅದರ ಡೀಸೆಲ್ ವಾಸನೆ ಮೂಗು ಬಿಟ್ಟರೂ ಮನಸ್ಸು ಬಿಡದು... 'ಕೊಂದವನ ಮೇಲೆ ಇದೆಂಥ ಹುಚ್ಚೇ ನಿನಗೆ!'

"ಆ ಬಂಡೆ ಹಿಂದೆ ಏನಿದೆ?"

"ನೀರು."

"ಈ ಕಡೆ?"

"ಇಲ್ಲೂ ನೀರೇ. ಜೊತೆಗೆ ನೀವಿದ್ದೀರಿ."

ಒಂದು ಮಬ್ಬು ಸಂಜೆ, ಕೋಟು ಹಿಂತಿರುಗಿಸಲು ಬಲೆ ಶೆಡ್ಡಿಗೆ ಹೋದಳು. ಅವನ ಅಕ್ಕ ಬಲೆ ಹೆಣೆಯುತ್ತಿದ್ದಳು. ನಟ್ಟನಡುವೆ ಆಳು ನುಸುಳುವಷ್ಟು ತೂತು. ಅಂಚೆಲ್ಲ ಚಾಕುವಿನ ಗುರುತು.

"'ಮುಟ್ಟಬೇಡೀ...!'" ಅಕ್ಕ ಮೂಗಿನಲ್ಲಿ ರಾಗ ಎಳೆದು ಅವಳನ್ನೇ ಅಣಕಿಸಿದಳು. "ಮುಟ್ಟದಿದ್ರೆ ಮರಿಯೂ ಸಾಯ್ತಿತ್ತು ಕಣಮ್ಮಾ! ನನ್ನ ತಮ್ಮ ನೀರಿಗೆ ಹಾರಿ ಕೊಯ್ದ ಬಲೆ ಇದು. ಮರಿ ತಪ್ಪಿಸ್ಕೊಳ್ತು. ತಾಯಿ ಹತ್ರ ಹೋಗೋಷ್ಟರಲ್ಲಿ ಉಸಿರಿಲ್ಲ. ದಡಕ್ಕೆ ಎಳ್ಕೊಂಡು ಬಂದು ಮಗು ಥರ ಅತ್ತ, ಹೆಡ್ಡ!"

ತಕ್ಷಣ ನಾಲಿಗೆ ಕಚ್ಚಿಕೊಂಡಳು. "ಅಯ್ಯೋ, ಮರಿ ವಿಷ್ಯ ನಾನು ಹೇಳಿಲ್ಲ, ಆಯ್ತಾ?"

ಅವನು ಒಮ್ಮೆಯೂ ದೋಣಿ ತಿರುಗಿಸದ ಆ ಬಂಡೆ...! ಓಡಿದಳು. ಅವನು ದೋಣಿಯಲ್ಲೇ ಕುಳಿತಿದ್ದ.

"ಕೊಲೆಗಾರ ಅನ್ನಿಸ್ಕೊಂಡು ಯಾಕೆ ಸುಮ್ಮನಿದ್ರಿ?"

"ಬಾಯಿ ಬಿಟ್ರೆ ಮರಿ ವಿಷ್ಯ ಹೊರಗೆ ಬರ್ತಿತ್ತು. ನಾನೊಬ್ಬ ಮುಳುಗಿದ್ರೆ ಊರು ತೇಲುತ್ತೆ ಅಂದ್ಕೊಂಡೆ."

"ನಾಳೆ ಅದು ಬೇರೆಯವರ ಬಲೆಗೆ ಬಿದ್ರೆ? ಎಲ್ಲರೂ ನೀರಿಗೆ ಹಾರ್ತಾರಾ?"

ಅವನು ಬಂಡೆಯ ಕಡೆ ನೋಡಿದ. ಅಲೆ ದೋಣಿಯ ಮೈಗೆ ಬಡಿಯುತ್ತಲೇ ಇತ್ತು.

"ನಾನು ಇಲಾಖೆಗೆ ಹೇಳಲೇಬೇಕು. ಬಂಡೆ ಸುತ್ತ ಮಾತ್ರ ಬಲೆ ಬೇಡ, ಅದೂ ಮರಿ ಬೆಳೆಯೋವರೆಗೆ ಅಂತ ಜಗಳ ಆಡ್ತೀನಿ. ಆದ್ರೂ... ಇಡೀ ಕೊಲ್ಲಿ ಮುಚ್ಚಿಬಿಡಬಹುದು."

"ಹೇಳಿ," ಎಂದ ಕೊನೆಗೆ. "ಊರವರು ಇನ್ನು ನನ್ನ ಮುಖ ನೋಡಲ್ಲ."

"ನಾನು ನೋಡ್ತೀನಿ. ದಿನಾ." ಅವಳು ದೋಣಿಯ ಅಂಚು ಹಿಡಿದಳು. "ಕ್ಷಮೆ ಕೇಳೋಕೆ ಹೇಳ್ತಿರೋದಲ್ಲ... ನೀವಂದ್ರೆ ನನಗಿಷ್ಟ."

ಅವನು ಮುಖ ಒರೆಸಿಕೊಂಡು ಕೈ ಚಾಚಿದ.

"ಹತ್ತಿ. ಮೊದಲು ಅದನ್ನ ತೋರಿಸ್ತೀನಿ. ಪಾಪ, ಒಂಟಿಯಾಗಿದೆ."

"ನೀವು?"

"ಇಷ್ಟು ದಿನ... ನಾನೂ."