ಸಿಡಿಲಣ್ಣ ನೀರಿಗೆ ಹಾರದ ಪುಸ್ತಕ

ಸಿಂಧನೂರು ಬಸ್‌ಸ್ಟ್ಯಾಂಡಿನ ಪಕ್ಕ ಹಸೀನಾಬೀ ಚಿತ್ರಕಥೆ ಪುಸ್ತಕಗಳನ್ನು ಬಾಡಿಗೆಗೆ ಕೊಡುತ್ತಿದ್ದಳು. ಹರಿದವನ್ನು ಅಕ್ಕಿಚೀಲ ಹೊಲಿಯುವ ದಬ್ಬಣದಿಂದ ಹೊಲಿಯುವಾಗ ಒಂದರ ಪುಟ ಇನ್ನೊಂದಕ್ಕೆ ಸೇರಿ, ಹುಲಿಬೇಟೆಗೆ ಹೋದವನು ಮುಂದಿನ ಪುಟದಲ್ಲಿ ಚಂದ್ರನ ಮೇಲಿರುತ್ತಿದ್ದ. ಕೇಳಿದರೆ, "ಒಂದರ ಬಾಡಿಗ್ಯಾಗ ಎರಡು ಕಥಿ ಓದೀದಿ, ಸುಮ್ನಿರಲೇ" ಅನ್ನುತ್ತಿದ್ದಳು.

ಅವಳ ಮಗ ಬುಡ್ಡೇಸಾಬ್ ನನ್ನ ಗೆಳೆಯ. ಎಂಬತ್ತೇಳರಲ್ಲಿ, ಕಾಲುವೆಯಲ್ಲಿ ಮುಳುಗುತ್ತಿದ್ದ ನನ್ನನ್ನು ದಂಡೆಗೆ ತಳ್ಳಿ ತಾನು ಕೊಚ್ಚಿಹೋದ.

ಮರುವರ್ಷ, ಉರಿಬಿಸಿಲ ಮಧ್ಯಾಹ್ನ, ಅವಳು ಒಂದು ಪುಸ್ತಕ ಚಾಚಿದಳು. "ವೆಂಕೋಬ, ನನಗ ಓದಾಕ ಬರಂಗಿಲ್ಲ. ಇದರಾಗ ಏನೈತಿ ಹೇಳಪ್ಪಾ."

ಚಿತ್ರಕಥೆಗಳಲ್ಲಿ ನಮ್ಮೆಲ್ಲರ ಮೆಚ್ಚಿನ ವೀರ ಸಿಡಿಲಣ್ಣನ ಕಥೆ. ಹುಡುಗನಿದ್ದಾಗ ಗೆಳೆಯನನ್ನು ಉಳಿಸಲು ನೀರಿಗೆ ಹಾರಿ ಶಕ್ತಿ ಪಡೆದವನೆಂದು ಎಲ್ಲರಿಗೂ ಗೊತ್ತಿತ್ತು. ಇದರಲ್ಲಿ ಅವನು ಹಾರಲೇ ಇಲ್ಲ. ಗೆಳೆಯ ಮುಳುಗುವುದನ್ನು ನೋಡುತ್ತ ನಿಂತ. ಶಕ್ತಿ ಹುಟ್ಟಿದ್ದು ಆ ಸಂಕಟದಿಂದ. ಪುಟ ತಣ್ಣಗಿತ್ತು, ಕಾಲುವೆಯ ಕೆಸರು ನಾರುತ್ತಿತ್ತು. ಮುಳುಗುವ ಹುಡುಗನ ತೋಳಿನಲ್ಲಿ, ನಾನು ಅಂದು ನೀರಿನಲ್ಲಿ ಕಳೆದುಕೊಂಡ ತಾಯಿತವಿತ್ತು.

"ತಪ್ಪು ಪುಟ ಹೊಲಿದೀ, ಚಾಚಿ."

"ಇದಕ್ಕ ನಾ ದಬ್ಬಣ ಮುಟ್ಟಿಸೇ ಇಲ್ಲ."

ಕೊನೆಯ ಚಿತ್ರದಲ್ಲಿ ಸಿಡಿಲಣ್ಣ, ಇನ್ನೂ ಹುಡುಗ, ಮನೆ ಬಾಗಿಲಲ್ಲಿ ನಿಂತಿದ್ದ. ಹಸೀನಾಬೀ ಅವನ ಮೇಲೆ ಬೆರಳಿಟ್ಟಳು. "ಇಂವ ಏನಂತಾನ?"

"'ಅಮ್ಮಿ, ಹಸಿವಾಗೇತಿ' ಅಂತಾನ."

"ಹಂಗಾರ ರೊಟ್ಟಿ ಬಡೀಬೇಕು," ಎಂದು ಅವಳು ಅಂಗಡಿ ಮುಚ್ಚಿದಳು. ನನ್ನತ್ತ ನೋಡಲಿಲ್ಲ. ಆ ಕಥೆಯೇ ನಿಜವಾಗಬಾರದಿತ್ತೇ ಎಂದು ನನಗೂ ಅನಿಸಿತು.

ಬಿಸಿಲಲ್ಲೇ ಮನೆಗೆ ನಡೆದೆ. ಬೆವರಿಗೆ ತೊಯ್ದಿದೆಯೆಂದು ಅಂಗಿ ಬಿಚ್ಚಿ ಹಿಂಡಿದರೆ ಕಾಲುವೆಯ ಕೆಸರುನೀರು ಸುರಿಯಿತು.